ಕೌಂಟರಿಗೂ ಕುರ್ಚಿಗೂ ನಡುವೆ

ಸಿನಿಮಾ ಟಿಕೆಟ್ ದುಬಾರಿ ಎಂಬ ಕೂಗು ಎದ್ದಾಗಲೆಲ್ಲ ಸರ್ಕಾರ, ನಿರ್ಮಾಪಕರು, ಚಿತ್ರಮಂದಿರದ ಮಾಲೀಕರು ಕಿತ್ತಾಡುವುದು ಟಿಕೆಟ್ ಮೇಲೆ ಅಚ್ಚಾದ ಬೆಲೆಗಾಗಿ. ನೋಡುಗನ ಜೇಬಿನಿಂದ ಹೋಗುವ ಹಣ ಎಂದೂ ಆ ಬೆಲೆಗೇ ನಿಂತದ್ದಿಲ್ಲ. ಕೌಂಟರಿಗೂ ಒಳಗಿನ ಕುರ್ಚಿಗೂ ನಡುವೆ ಒಂದು ಕೈ ಯಾವಾಗಲೂ ಚಾಚಿಕೊಂಡೇ ಇತ್ತು. ಒಂದು ಕಾಲಕ್ಕೆ ಅದು ಗೇಟಿನ ಪಕ್ಕ ನಿಂತ ಬ್ಲ್ಯಾಕ್ ಟಿಕೆಟ್‌ನವನದು. ಆಮೇಲೆ ಮೊದಲ ದಿನದ ಆಟವನ್ನೇ ಹಿಡಿದುಕೊಂಡ ಅಭಿಮಾನಿ ಸಂಘದ್ದು. ಈಗ ಮೊಬೈಲ್ ಆ್ಯಪಿನದು.

ಈ ಪ್ರಶ್ನೆಯನ್ನು ಬೆಂಗಳೂರಿನ ಮಾಲ್‌ನಲ್ಲಿ ನಿಂತು ನೋಡಿದರೆ ಒಂದು ಬಗೆಯಾಗಿ ಕಾಣುತ್ತದೆ. ಕೋಲಾರ ಜಿಲ್ಲೆಯ ಕೆಜಿಎಫ್ ಮತ್ತು ಬಂಗಾರಪೇಟೆಯಲ್ಲಿ ನಿಂತು ನೋಡಿದರೆ ಬೇರೆ ಬಗೆಯಾಗಿ. 2025ರಲ್ಲಿ ರಾಜ್ಯ ಸರ್ಕಾರ ಟಿಕೆಟ್ಟಿಗೆ 200 ರೂಪಾಯಿ ಮಿತಿ ಹಾಕಿದಾಗ ಗದ್ದಲವಾದದ್ದು ಮಲ್ಟಿಪ್ಲೆಕ್ಸ್‌ಗಳಲ್ಲಿ. ಸಣ್ಣ ಊರಿನ ಏಕಪರದೆ ಚಿತ್ರಮಂದಿರಕ್ಕೆ ಬಹುಮಟ್ಟಿಗೆ ಆ ಮಿತಿಯಿಂದ ಆಗಬೇಕಾದದ್ದೇನೂ ಇರಲಿಲ್ಲ. ಅಲ್ಲಿನ ಪ್ರೇಕ್ಷಕನಿಗೆ ತಟ್ಟುವುದು ಬೆಲೆಗಿಂತ ಹೆಚ್ಚಾಗಿ ಬೆಲೆಯ ಮೇಲೆ ಕೂರುವ ಶುಲ್ಕ. ಟಿಕೆಟ್ ಅಗ್ಗವಾದಷ್ಟೂ ಶುಲ್ಕದ ಪಾಲು ದೊಡ್ಡದಾಗುತ್ತದೆ ಎಂಬ ಸರಳ ಲೆಕ್ಕ ದರಮಿತಿಯ ಚರ್ಚೆಯಲ್ಲಿ ಕಳೆದುಹೋಗಿದೆ.

ಬ್ಲ್ಯಾಕ್‌ನ ಕಾಲ

ಕೆಜಿಎಫ್ ಮೂರು ಭಾಷೆಯ ಸಿನಿಮಾ ನೋಡುವ ಊರು. ಗಣಿ ಕೆಲಸಕ್ಕೆಂದು ಬಂದು ನೆಲೆಸಿದ ತಮಿಳರೇ ಹೆಚ್ಚಿದ್ದ ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್, ಊರ್ಗಾಂ ಲೈನ್‌ಗಳಲ್ಲಿ ಎಂಜಿಆರ್ ಅಭಿಮಾನಿ, ಶಿವಾಜಿ ಅಭಿಮಾನಿ ಎಂಬ ಎರಡು ಪಕ್ಷಗಳು. ಆಂಧ್ರದ ಗಡಿ ಹತ್ತಿರವಿರುವುದರಿಂದ ತೆಲುಗು ಚಿತ್ರಕ್ಕೂ ಜನ. ಬಂಗಾರಪೇಟೆಯ ಕಡೆ ಬಂದರೆ ರಾಜ್‌ಕುಮಾರ್, ವಿಷ್ಣುವರ್ಧನ್. ಸಂಬಳದ ದಿನ, ದೀಪಾವಳಿ, ಸಂಕ್ರಾಂತಿ, ಯುಗಾದಿ ಬಂತೆಂದರೆ ಬೇಡಿಕೆ ಒಮ್ಮೆಲೇ ಏರುತ್ತಿತ್ತು. ಬೆಲೆ ಮಾತ್ರ ಏರುವಂತಿರಲಿಲ್ಲ.

ಬ್ಲ್ಯಾಕ್ ಹುಟ್ಟಿದ್ದು ಇಲ್ಲಿಂದಲೇ. ಗಾಂಧಿ ಕ್ಲಾಸ್, ಸೆಕೆಂಡ್ ಕ್ಲಾಸ್, ಬಾಲ್ಕನಿ ಎಂದು ತರಗತಿಗೊಂದು ದರ ಗೊತ್ತಾಗಿರುತ್ತಿತ್ತು. ಮೊದಲ ದಿನ ಎಷ್ಟೇ ಜನ ಬಂದರೂ ಕೌಂಟರಿನಲ್ಲಿ ಅದೇ ದರ. ಜನ ಕೊಡಲು ಸಿದ್ಧವಿದ್ದ ಹಣಕ್ಕೂ ಕೌಂಟರಿನ ದರಕ್ಕೂ ನಡುವಿನ ಅಂತರ ಯಾರದಾದರೂ ಜೇಬಿಗೆ ಹೋಗಲೇಬೇಕಿತ್ತು. ಕೌಂಟರಿನೊಳಗಿನವರ ಜತೆ ಒಳಒಪ್ಪಂದ ಮಾಡಿಕೊಂಡು ಕಂತೆ ಕಂತೆ ಟಿಕೆಟ್ ಹೊರತೆಗೆಸುವುದು, ಸರತಿಯ ಅರ್ಧ ಕರಗುವ ಮೊದಲೇ ‘ಹೌಸ್‌ಫುಲ್’ ಫಲಕ ತೂಗುಹಾಕಿಸುವುದು, ಸರತಿಯಲ್ಲಿ ತಮ್ಮದೇ ಹುಡುಗರನ್ನು ನಿಲ್ಲಿಸುವುದು ಆ ವ್ಯಾಪಾರದ ಬಗೆಗಳು. ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ನಡೆಯುತ್ತಿದ್ದುದೂ ಇದೇ, ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ನಡೆಯುತ್ತಿದ್ದುದೂ ಇದೇ. ಪ್ರಮಾಣ ಮಾತ್ರ ಬೇರೆ.

ಬ್ಲ್ಯಾಕ್‌ನವನನ್ನು ಬರೀ ಖಳನಾಯಕನೆಂದು ಬಣ್ಣಿಸಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಅವನಿಗೂ ಒಂದು ಅಪಾಯವಿತ್ತು. ಹೆಸರು ಬೀಳುವ ಹೊತ್ತಿಗೆ ಟಿಕೆಟ್ ಖಾಲಿಯಾಗದಿದ್ದರೆ ಅವನ ದರ ಇಳಿಯುತ್ತಿತ್ತು. ಚಿತ್ರ ಸೋತರೆ ಸೋಮವಾರದ ಹೊತ್ತಿಗೆ ಅವನ ಕೈಯಲ್ಲಿದ್ದುದು ರದ್ದಿ ಕಾಗದ. ಕೊಳ್ಳುವವನಿಗೆ ಚೌಕಾಸಿಗೆ ಎಡೆಯಿತ್ತು. ಬೇಡವೆನಿಸಿದರೆ ಮುಂದಿನ ವಾರಕ್ಕೆ ಕಾಯುವ ದಾರಿಯೂ ಇತ್ತು. ಇಂದಿನ ಮಧ್ಯವರ್ತಿಗೆ ಈ ಅಪಾಯ ಯಾವುದೂ ಇಲ್ಲ. ಚಿತ್ರ ಗೆದ್ದರೂ ಸೋತರೂ ಮಾರಾಟವಾದ ಪ್ರತಿ ಕುರ್ಚಿಯ ಮೇಲೆ ಅವನ ಶುಲ್ಕ ಖಚಿತ.

ಬ್ಲ್ಯಾಕ್ ಒಳಗೆ ಬಂದ ಬಗೆ

ಬ್ಲ್ಯಾಕ್ ಟಿಕೆಟ್ ಕಡಿಮೆಯಾದದ್ದು ಪೊಲೀಸರ ಬಿಗಿಯಿಂದ ಎನ್ನುವುದಕ್ಕಿಂತ ಎರಡು ಬದಲಾವಣೆಗಳಿಂದ. ಮೊದಲನೆಯದು ಡಿಜಿಟಲ್ ಪ್ರದರ್ಶನ. ಫಿಲ್ಮ್ ರೀಲಿನ ಕಾಲದಲ್ಲಿ ಪ್ರಿಂಟ್‌ಗಳು ಕಡಿಮೆ. ದೊಡ್ಡ ಊರಿನಲ್ಲಿ ಓಡಿದ ಮೇಲೆ ಅದೇ ಪ್ರಿಂಟ್ ತಾಲ್ಲೂಕು ಕೇಂದ್ರಗಳಿಗೆ ಬರುತ್ತಿತ್ತು. ಈಗ ಚಿತ್ರ ಒಂದೇ ದಿನ ಎಲ್ಲ ಕಡೆ ತೆರೆ ಕಾಣುತ್ತದೆ. ಕೆಜಿಎಫ್‌ನ ಸಯನೈಡ್ ದಿಬ್ಬಗಳಲ್ಲಿ ಚಿತ್ರೀಕರಣವಾದ ‘ಕೆ.ಜಿ.ಎಫ್: ಚಾಪ್ಟರ್ 1’ 2018ರ ಡಿಸೆಂಬರ್ 21ರಂದು ಐದು ಭಾಷೆಗಳಲ್ಲಿ ಬಿಡುಗಡೆಯಾದದ್ದು ಈ ವ್ಯವಸ್ಥೆಯಿಂದಲೇ. ಆಟಗಳ ಸಂಖ್ಯೆ ಹೆಚ್ಚಿದಂತೆ ಒಂದೇ ಕೌಂಟರಿಗೆ ಮುಗಿಬೀಳುವ ಒತ್ತಡ ಇಳಿಯಿತು.

ಎರಡನೆಯದು ಮಲ್ಟಿಪ್ಲೆಕ್ಸ್. 2004ರಲ್ಲಿ ಕೋರಮಂಗಲದ ಫೋರಂ ಮಾಲ್‌ನಲ್ಲಿ ಪಿವಿಆರ್ ತನ್ನ ಹನ್ನೊಂದು ಪರದೆಗಳೊಂದಿಗೆ ಬಂದ ಮೇಲೆ ದಿನಕ್ಕೊಂದು, ಆಟಕ್ಕೊಂದು ದರ ಎಂಬ ಪದ್ಧತಿ ಬೆಂಗಳೂರಿಗೆ ರೂಢಿಯಾಯಿತು. ಶನಿವಾರ ಸಂಜೆ ಬೇಡಿಕೆ ಹೆಚ್ಚಿದರೆ ದರವನ್ನು ಮಾಲೀಕನೇ ಏರಿಸಬಹುದಾಯಿತು. ಬ್ಲ್ಯಾಕ್‌ನವನ ಪಾಲಾಗುತ್ತಿದ್ದ ಅಂತರ ಈಗ ಕಾನೂನುಬದ್ಧವಾಗಿ ಚಿತ್ರಮಂದಿರದ ಗಲ್ಲಾಪೆಟ್ಟಿಗೆ ಸೇರುತ್ತದೆ. ನೋಡುಗ ಕೊಡುವ ಹಣ ಇಳಿದದ್ದಿಲ್ಲ. ರಸೀದಿ ಸಿಗುತ್ತದೆ, ಅಷ್ಟೇ.

ಇವೆರಡರ ನಡುವೆ ಫ್ಯಾನ್ಸ್ ಶೋ ಬೇರೆ. ನೆಚ್ಚಿನ ನಟನ ಚಿತ್ರದ ಮೊದಲ ಆಟವನ್ನು ಸಂಘ ಒಟ್ಟಾಗಿ ಕೊಂಡು, ತಾನು ಹೇಳಿದ ದರಕ್ಕೆ ಮಾರುತ್ತದೆ. ಕಟೌಟು, ಹಾರ, ಪಟಾಕಿ, ಅನ್ನದಾನದ ಖರ್ಚು ಅದರಿಂದಲೇ ಹುಟ್ಟಬೇಕು. ಇದು ಪ್ರೀತಿಯೋ ವ್ಯಾಪಾರವೋ ಎಂದು ಕೇಳಿದರೆ ಸಂಘದವರೇ ನಕ್ಕುಬಿಡುತ್ತಾರೆ. ತಮಿಳು ಚಿತ್ರಗಳ ವಿಷಯದಲ್ಲಿ ಈ ಭಾಗಕ್ಕೆ ಇನ್ನೊಂದು ತಿರುವಿದೆ. 2025ರ ಆಗಸ್ಟ್‌ನಲ್ಲಿ ರಜನಿಕಾಂತ್ ಅವರ ‘ಕೂಲಿ’ ಬಂದಾಗ ಸರ್ಕಾರದ ದರಮಿತಿಯಿರುವ ಚೆನ್ನೈನಲ್ಲಿ ಟಿಕೆಟ್ 200 ರೂಪಾಯಿಯೊಳಗೆ ಸಿಗುತ್ತಿದ್ದರೆ, ಬೆಂಗಳೂರಿನ ಕೆಲವು ಪರದೆಗಳಲ್ಲಿ ಸಾವಿರ ದಾಟಿತ್ತು. ಅದೇ ಭಾಷೆ, ಅದೇ ಚಿತ್ರ, ಅದೇ ದಿನ. ರಾಜ್ಯದ ಗಡಿ ದಾಟಿದ್ದಕ್ಕೆ ಅಷ್ಟು ವ್ಯತ್ಯಾಸ.

ಆ್ಯಪಿನ ಶುಲ್ಕ

ಬಿಗ್‌ಟ್ರೀ ಎಂಟರ್‌ಟೇನ್‌ಮೆಂಟ್ ಕಂಪನಿ 1999ರಲ್ಲಿ ಹುಟ್ಟಿತು. ಅದರ ಬುಕ್‌ಮೈಶೋ 2007ರಲ್ಲಿ ಬಂತು. ಪೇಟಿಎಂನ ಟಿಕೆಟ್ ವ್ಯವಹಾರವನ್ನು 2024ರ ಆಗಸ್ಟ್‌ನಲ್ಲಿ ಜೊಮ್ಯಾಟೊ 2,048 ಕೋಟಿ ರೂಪಾಯಿಗೆ ಕೊಂಡು, ಬಳಿಕ ‘ಡಿಸ್ಟ್ರಿಕ್ಟ್’ ಎಂಬ ಆ್ಯಪ್ ತಂದಿತು. ಟಿಕೆಟ್ ಮಾರುವ ಕೆಲಸಕ್ಕೆ ಇಷ್ಟು ಬೆಲೆ ಬಂದದ್ದು ಅದರಲ್ಲಿ ಹುಟ್ಟುವ ಶುಲ್ಕಕ್ಕಾಗಿ, ನೋಡುಗರ ಮಾಹಿತಿಗಾಗಿ.

ಇಲ್ಲೊಂದು ವ್ಯತ್ಯಾಸವನ್ನು ಗುರುತಿಸಬೇಕು. ಈ ಆ್ಯಪ್‌ಗಳು ಬ್ಲ್ಯಾಕ್‌ನವನಂತೆ ಟಿಕೆಟ್ ಕೊಂಡು ಮರುಮಾರಾಟ ಮಾಡುವುದಿಲ್ಲ. ಚಿತ್ರಮಂದಿರದ ಜತೆ ಒಪ್ಪಂದ ಮಾಡಿಕೊಂಡ ಏಜೆಂಟರು ಅವರು. ಅಚ್ಚಾದ ಬೆಲೆಯನ್ನು ಅವರು ಮುಟ್ಟುವುದಿಲ್ಲ. ಅದರ ಮೇಲೆ ‘ಕನ್ವೀನಿಯೆನ್ಸ್ ಫೀ’ ಎಂದು ಸೇರಿಸುತ್ತಾರೆ. ಆ ಶುಲ್ಕದಲ್ಲಿ ಚಿತ್ರಮಂದಿರಕ್ಕೂ ಪಾಲು ಇರುವುದುಂಟು. ದೊಡ್ಡ ಮಲ್ಟಿಪ್ಲೆಕ್ಸ್ ಸರಣಿಗಳು ತಮ್ಮ ಲೆಕ್ಕಪತ್ರದಲ್ಲಿ ಇದನ್ನು ಪ್ರತ್ಯೇಕ ಆದಾಯವೆಂದೇ ತೋರಿಸುತ್ತವೆ. ಹೀಗಾಗಿ ಶುಲ್ಕ ಇಳಿಯಲಿ ಎಂದು ಚಿತ್ರಮಂದಿರದವರೇ ಒತ್ತಾಯಿಸುತ್ತಾರೆಂದು ನಂಬಿ ಕೂರುವಂತಿಲ್ಲ.

ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಟಿಕೆಟ್ 120 ರೂಪಾಯಿ, ಶುಲ್ಕ ಕುರ್ಚಿಗೆ 20 ರೂಪಾಯಿ ಎಂದರೆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ ಸೇರಿ 23.60. ಅಂದರೆ ಬೆಲೆಯ ಸುಮಾರು ಶೇ 20. ಐವರ ಕುಟುಂಬ ಹೋದರೆ ಶುಲ್ಕವೇ 118 ರೂಪಾಯಿ. ಆರನೆಯವರ ಟಿಕೆಟ್ಟಿಗೆ ಎರಡೇ ರೂಪಾಯಿ ಕಡಿಮೆ. 400 ರೂಪಾಯಿ ಟಿಕೆಟ್ಟಿಗೆ 40 ರೂಪಾಯಿ ಶುಲ್ಕ ತೆತ್ತ ಮಾಲ್ ಪ್ರೇಕ್ಷಕನಿಗೆ ಅದೇ ಪ್ರಮಾಣ ತೆರಿಗೆ ಸೇರಿ ಶೇ 12 ದಾಟುವುದಿಲ್ಲ. ಕಡಿಮೆ ಕೊಡಬಲ್ಲವನ ಮೇಲೆ ಹೆಚ್ಚು ಭಾರ.

ತೆರಿಗೆಯಲ್ಲೂ ಇದೇ ಓರೆ. 2025ರ ಸೆಪ್ಟೆಂಬರ್ 22ರಿಂದ 100 ರೂಪಾಯಿಯೊಳಗಿನ ಸಿನಿಮಾ ಟಿಕೆಟ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿಯಿತು. ಅಷ್ಟು ಅಗ್ಗದ ಟಿಕೆಟ್ ಉಳಿದಿರುವುದು ಹೆಚ್ಚಾಗಿ ಸಣ್ಣ ಊರಿನ ಏಕಪರದೆಗಳಲ್ಲೇ. ಅವುಗಳಿಗೆ ಇದು ಒಳ್ಳೆಯ ಸುದ್ದಿ. ಆದರೆ ಬುಕಿಂಗ್ ಶುಲ್ಕದ ಮೇಲಿನ ತೆರಿಗೆ ಶೇ 18 ಹಾಗೆಯೇ ಉಳಿಯಿತು. ಟಿಕೆಟ್ಟಿನಲ್ಲಿ ಉಳಿಸಿದ್ದನ್ನು ಶುಲ್ಕ ನುಂಗುತ್ತದೆ.

ಅನುಕೂಲ ಸುಳ್ಳೇ? ಅಲ್ಲ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಸಾವಿರಾರು ಜನ ಬೆಳಗಿನ ರೈಲು ಹಿಡಿದು ಬೆಂಗಳೂರಿನ ಕೆಲಸಕ್ಕೆ ಹೋಗಿ ರಾತ್ರಿ ಮರಳುತ್ತಾರೆ. ಬಿಡುವೆಂದರೆ ಭಾನುವಾರ. ಆ ಒಂದು ದಿನವನ್ನು ಸರತಿಯಲ್ಲಿ ಕಳೆಯುವ ಬದಲು ರೈಲಿನಲ್ಲೇ ಕೂತು ಕುರ್ಚಿ ಆರಿಸಿಕೊಳ್ಳುವುದು ನಿಜವಾದ ಸೌಕರ್ಯ. ಸೌಕರ್ಯಕ್ಕೆ ಹಣ ಕೇಳುವುದೂ ತಪ್ಪಲ್ಲ. ತಕರಾರು ಬರುವುದು ಮೂರು ಕಡೆ: ಶುಲ್ಕವನ್ನು ಕೊನೆಯ ಪುಟದವರೆಗೆ ಮುಚ್ಚಿಡುವುದು, ಒಂದೇ ವ್ಯವಹಾರಕ್ಕೆ ಕುರ್ಚಿಯ ಲೆಕ್ಕದಲ್ಲಿ ಸುಲಿಯುವುದು, ಕೌಂಟರ್ ಎಂಬ ಬೇರೆ ದಾರಿಯನ್ನೇ ಸದ್ದಿಲ್ಲದೆ ಮುಚ್ಚುವುದು.

ಈ ಕೊನೆಯದನ್ನೇ ಹೋಲುವ ದೂರೊಂದು ಭಾರತೀಯ ಸ್ಪರ್ಧಾ ಆಯೋಗದ ಮುಂದೆ ಹೋಗಿತ್ತು. ಚಿತ್ರಮಂದಿರಗಳ ಜತೆಗಿನ ವಿಶೇಷ ಒಪ್ಪಂದಗಳಿಂದ ಉಳಿದವರಿಗೆ ದಾರಿ ಕಟ್ಟಿದೆ, ಶುಲ್ಕ ಮನಬಂದಂತಿದೆ ಎಂಬ ಆರೋಪದ ಮೇಲೆ 2022ರ ಜೂನ್‌ನಲ್ಲಿ ಆಯೋಗ ಬುಕ್‌ಮೈಶೋ ವಿರುದ್ಧ ತನಿಖೆಗೆ ಆದೇಶಿಸಿತು. ಶುಲ್ಕ ಮುಚ್ಚಿಡುವ ಮೊದಲನೆಯ ತಕರಾರಿಗೆ ಕೇಂದ್ರ ಸರ್ಕಾರ 2023ರ ನವೆಂಬರ್ 30ರಂದು ಮಾರ್ಗಸೂಚಿ ಹೊರಡಿಸಿದೆ. ಗ್ರಾಹಕರನ್ನು ದಾರಿ ತಪ್ಪಿಸುವ ಹದಿಮೂರು ಬಗೆಯ ವಿನ್ಯಾಸಗಳನ್ನು ಅದು ಪಟ್ಟಿ ಮಾಡುತ್ತದೆ. ಬೆಲೆಯನ್ನು ಹಂತಹಂತವಾಗಿ ಬಿಚ್ಚುವುದು, ಕೇಳದಿದ್ದುದನ್ನು ಬಿಲ್ಲಿಗೆ ಸೇರಿಸುವುದು ಎರಡೂ ಅದರಲ್ಲಿವೆ.

ಮಿತಿಯ ಕಥೆ

ಕರ್ನಾಟಕದಲ್ಲಿ ಚಿತ್ರಮಂದಿರಗಳಿಗೆ ಲೈಸೆನ್ಸ್ ಕೊಡುವುದು 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆಯ ಅಡಿ. ಮುಖ್ಯಮಂತ್ರಿ ಸಿದ್ದರಾಮಯ್ಯ 2017ರ ಬಜೆಟ್‌ನಲ್ಲಿ 200 ರೂಪಾಯಿ ಮಿತಿ ಘೋಷಿಸಿದರು. ಅದೇ ವರ್ಷ ಮೇ ತಿಂಗಳಲ್ಲಿ ಆದೇಶವೂ ಬಂತು. ಅದು ನ್ಯಾಯಾಲಯದ ಮೆಟ್ಟಿಲೇರಿತು, ಜಾರಿಯಲ್ಲಿ ಉಳಿಯಲಿಲ್ಲ. 2025ರ ಮಾರ್ಚ್ ಬಜೆಟ್‌ನಲ್ಲಿ ಮತ್ತೆ ಅದೇ ಘೋಷಣೆ. ಈ ಬಾರಿ ಬರೀ ಆದೇಶವಲ್ಲ, ನಿಯಮಗಳಿಗೇ ತಿದ್ದುಪಡಿ. ಸೆಪ್ಟೆಂಬರ್ 12ರ ಅಧಿಸೂಚನೆಯ ಪ್ರಕಾರ ತೆರಿಗೆ ಬಿಟ್ಟು 200 ರೂಪಾಯಿ ಗರಿಷ್ಠ. 75 ಅಥವಾ ಅದಕ್ಕಿಂತ ಕಡಿಮೆ ಕುರ್ಚಿಗಳ ಪ್ರೀಮಿಯಂ ಪರದೆಗಳಿಗೆ ವಿನಾಯಿತಿ.

ಸೆಪ್ಟೆಂಬರ್ 23ರಂದು ಹೈಕೋರ್ಟಿನ ಏಕಸದಸ್ಯ ಪೀಠ ತಡೆ ಕೊಟ್ಟಿತು. ‘ಕಾಂತಾರ: ಚಾಪ್ಟರ್ 1’ ಅಕ್ಟೋಬರ್ 2ರಂದು ತೆರೆಗೆ ಬರಲು ಎರಡು ದಿನವಿದ್ದಾಗ, ಸೆಪ್ಟೆಂಬರ್ 30ರಂದು, ವಿಭಾಗೀಯ ಪೀಠ ಮಾರಾಟವಾದ ಪ್ರತಿ ಟಿಕೆಟ್ಟಿನ ಲೆಕ್ಕವಿಡಲು ಮಲ್ಟಿಪ್ಲೆಕ್ಸ್‌ಗಳಿಗೆ ಸೂಚಿಸಿತು, ಸರ್ಕಾರ ಗೆದ್ದರೆ ಹೆಚ್ಚಿನ ಹಣ ಪ್ರೇಕ್ಷಕರಿಗೆ ಮರಳಲಿ ಎಂಬುದು ಉದ್ದೇಶ. ನವೆಂಬರ್ 3ರಂದು ಸುಪ್ರೀಂ ಕೋರ್ಟ್ ಆ ಷರತ್ತಿಗೂ ತಡೆ ನೀಡಿತು. ಮಲ್ಟಿಪ್ಲೆಕ್ಸ್‌ಗಳಲ್ಲಿ ನೀರು, ಕಾಫಿಗೆ ಕೇಳುವ ಬೆಲೆಯ ಬಗ್ಗೆ ನ್ಯಾಯಮೂರ್ತಿಗಳು ಅದೇ ವಿಚಾರಣೆಯಲ್ಲಿ ಅಸಮಾಧಾನವನ್ನೂ ತೋರಿದರು.

ಈ ಇಡೀ ಹೋರಾಟದ ಕಣ್ಣು ನೆಟ್ಟದ್ದು ಅಚ್ಚಾದ ಬೆಲೆಯ ಮೇಲೆ. ನಾಳೆ ಮಿತಿ ಗೆದ್ದಿತೆಂದೇ ಇಟ್ಟುಕೊಳ್ಳೋಣ. ಮೊದಲ ದಿನದ ಬೇಡಿಕೆ ಇಳಿಯುವುದಿಲ್ಲ. ಬೆಲೆ 200ಕ್ಕೆ ಕಟ್ಟಿಹಾಕಿದರೆ, ಹಳೆಯ ಅಂತರ ಮತ್ತೆ ತೆರೆದುಕೊಳ್ಳುತ್ತದೆ. ಅದನ್ನು ತುಂಬಲು ಶುಲ್ಕ ಏರಬಹುದು, ತಿಂಡಿಯನ್ನು ಟಿಕೆಟ್ಟಿಗೆ ಗಂಟುಹಾಕಬಹುದು, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬ್ಲ್ಯಾಕ್ ಮರಳಿ ಹುಟ್ಟಬಹುದು. ಮಧ್ಯದ ಕೈಯನ್ನು ಬಿಟ್ಟು ಬೆಲೆಯನ್ನು ಮಾತ್ರ ಕಟ್ಟಿದ ಮಿತಿ, ಚಿತ್ರಮಂದಿರದ ಹಣವನ್ನು ಮಧ್ಯವರ್ತಿಗೆ ದಾಟಿಸುವ ಕೆಲಸವನ್ನಷ್ಟೇ ಮಾಡೀತು.

ನೆರೆಹೊರೆಯ ಪಾಠ

ಕೆಜಿಎಫ್‌ನಿಂದ ಆಗ್ನೇಯಕ್ಕೆ ಸ್ವಲ್ಪ ದೂರ ಹೋದರೆ ಕುಪ್ಪಂ, ಆಂಧ್ರಪ್ರದೇಶ. ಅಲ್ಲಿನ ಸರ್ಕಾರ 2021ರ ಏಪ್ರಿಲ್‌ನಲ್ಲಿ ದರಗಳನ್ನು ತೀರಾ ಕೆಳಗಿಳಿಸಿತು. ಚಿತ್ರರಂಗ ಕೆಂಡವಾಯಿತು, ಕೆಲವು ಚಿತ್ರಮಂದಿರಗಳು ಬಾಗಿಲು ಹಾಕಿದವು. 2022ರ ಮಾರ್ಚ್‌ನಲ್ಲಿ 20ರಿಂದ 250 ರೂಪಾಯಿವರೆಗಿನ ಹೊಸ ದರಪಟ್ಟಿ ಬಂತು. ಜತೆಗೆ ಸರ್ಕಾರವೇ ತನ್ನ ಜಾಲತಾಣದ ಮೂಲಕ ಟಿಕೆಟ್ ಮಾರುವ ಯೋಜನೆಯನ್ನೂ ಹೂಡಿತು. ಅದಕ್ಕೆ 2022ರ ಜುಲೈನಲ್ಲಿ ಹೈಕೋರ್ಟ್ ತಡೆ ಕೊಟ್ಟಿತು. ಅದೇ ಆಂಧ್ರದಲ್ಲಿ, ತೆಲಂಗಾಣದಲ್ಲಿ 2024ರ ಡಿಸೆಂಬರ್‌ನ ‘ಪುಷ್ಪ 2’ ಬೆನಿಫಿಟ್ ಶೋಗೆ 800 ರೂಪಾಯಿ ಹೆಚ್ಚುವರಿ ದರಕ್ಕೆ ಸರ್ಕಾರಗಳೇ ಒಪ್ಪಿಗೆ ಕೊಟ್ಟವು. ಬ್ಲ್ಯಾಕ್ ದರಕ್ಕೆ ಸರ್ಕಾರಿ ಮೊಹರು ಬಿದ್ದಂತಾಯಿತು.

ಮಹಾರಾಷ್ಟ್ರ ನೇರವಾಗಿ ಶುಲ್ಕದ ಮೇಲೆಯೇ ಕೈಹಾಕಿತ್ತು. ಆನ್‌ಲೈನ್ ಟಿಕೆಟ್ಟಿಗೆ ಹೆಚ್ಚುವರಿ ಶುಲ್ಕ ಪಡೆಯಬಾರದೆಂದು 2013, 2014ರಲ್ಲಿ ಆದೇಶ ಹೊರಡಿಸಿತ್ತು. 2025ರ ಜುಲೈ 10ರಂದು ಬಾಂಬೆ ಹೈಕೋರ್ಟ್ ಅದನ್ನು ರದ್ದುಪಡಿಸಿತು. ಆದೇಶಕ್ಕೆ ಕಾಯ್ದೆಯ ಬಲವಿಲ್ಲ, ವ್ಯಾಪಾರದ ಸ್ವಾತಂತ್ರ್ಯಕ್ಕೆ ಧಕ್ಕೆ, ಬೇಡವಾದವರು ಕೌಂಟರಿಗೆ ಹೋಗಬಹುದು ಎಂಬುದು ತೀರ್ಪಿನ ಸಾರ. ಎರಡು ಪಾಠ ಇಲ್ಲಿವೆ. ಶುಲ್ಕವನ್ನು ನಿಯಂತ್ರಿಸಬೇಕಾದರೆ ಕಾಯ್ದೆಯಲ್ಲೇ ಅದಕ್ಕೆ ಅಧಿಕಾರ ಬೇಕು. ‘ಕೌಂಟರಿಗೆ ಹೋಗಬಹುದು’ ಎಂಬ ಮಾತಿಗೆ ಅರ್ಥ ಬರಬೇಕಾದರೆ ಕೌಂಟರಿನಲ್ಲಿ ಟಿಕೆಟ್ ಇರಬೇಕು.

ಸಿನಿಮಾ ದಾಟಿ ಸಂಗೀತ ಕಛೇರಿ, ಕ್ರಿಕೆಟ್‌ಗೆ ಬಂದರೆ ನಿಜವಾದ ಮರುಮಾರಾಟ ಎದುರಾಗುತ್ತದೆ. 2025ರ ಜನವರಿಯಲ್ಲಿ ನವಿ ಮುಂಬೈಯಲ್ಲಿ ನಡೆದ ಕೋಲ್ಡ್‌ಪ್ಲೇ ಕಾರ್ಯಕ್ರಮಕ್ಕೆ 2,500ರಿಂದ 35,000 ರೂಪಾಯಿವರೆಗಿನ ಟಿಕೆಟ್‌ಗಳು ಕ್ಷಣಾರ್ಧದಲ್ಲಿ ಮುಗಿದು, ಮರುಮಾರಾಟದ ತಾಣಗಳಲ್ಲಿ ಲಕ್ಷಗಳಿಗೆ ಕಾಣಿಸಿಕೊಂಡವು. ಮುಂಬೈ ಪೊಲೀಸರು ಬುಕ್‌ಮೈಶೋ ಮುಖ್ಯಸ್ಥರಿಗೆ ಸಮನ್ಸ್ ಕಳಿಸಿದರು. ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಬಾಂಬೆ ಹೈಕೋರ್ಟ್ ತಳ್ಳಿಹಾಕಿ, ಇದು ಶಾಸನ ಮಾಡುವವರ ಕೆಲಸ ಎಂದಿತು. ಅಮೆರಿಕದಲ್ಲಿ ಯಂತ್ರದ ಸಹಾಯದಿಂದ ಟಿಕೆಟ್ ದೋಚುವುದನ್ನು 2016ರಲ್ಲೇ ನಿಷೇಧಿಸಲಾಗಿದೆ. 2025ರ ಮೇ 12ರಿಂದ ಪ್ರದರ್ಶನದ ಟಿಕೆಟ್ಟಿಗೆ ಎಲ್ಲ ಶುಲ್ಕ ಸೇರಿದ ಮೊತ್ತವನ್ನು ಮೊದಲೇ ತೋರಿಸುವುದು ಕಡ್ಡಾಯ. ಮೂಲ ಬೆಲೆಗಿಂತ ಹೆಚ್ಚಿಗೆ ಮರುಮಾರಾಟ ಮಾಡುವುದನ್ನು ನಿಷೇಧಿಸುವುದಾಗಿ ಬ್ರಿಟನ್ ಸರ್ಕಾರ 2025ರ ನವೆಂಬರ್‌ನಲ್ಲಿ ಹೇಳಿದೆ.

ಜಂಕ್ಷನ್‌ನಲ್ಲಿ ಸಿಗುವ ಮಾದರಿ

ಮಾದರಿಗಾಗಿ ಲಂಡನ್‌ವರೆಗೆ ಹೋಗಬೇಕಿಲ್ಲ; ಬಂಗಾರಪೇಟೆ ಜಂಕ್ಷನ್‌ನಲ್ಲೇ ಒಂದಿದೆ. ರೈಲ್ವೆ ಟಿಕೆಟ್ಟಿಗೂ ದಲ್ಲಾಳಿಗಳಿದ್ದರು, ಈಗಲೂ ಇದ್ದಾರೆ. ಆದರೆ ಅಲ್ಲಿ ಕಾನೂನು ಮಧ್ಯದ ಕೈಯನ್ನು ನೇರವಾಗಿ ಹಿಡಿಯುತ್ತದೆ. 1989ರ ರೈಲ್ವೆ ಕಾಯ್ದೆಯ 143ನೇ ಕಲಂ ಪ್ರಕಾರ ಅನುಮತಿಯಿಲ್ಲದೆ ಟಿಕೆಟ್ ವ್ಯಾಪಾರ ಮಾಡಿದರೆ ಮೂರು ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ. ಅಧಿಕೃತ ಏಜೆಂಟ್ ಎಷ್ಟು ಪಡೆಯಬಹುದೆಂಬುದಕ್ಕೂ ಮಿತಿ ಇದೆ. 2019ರ ಸೆಪ್ಟೆಂಬರ್ 1ರಿಂದ ಐಆರ್‌ಸಿಟಿಸಿ ಪಡೆಯುವ ಶುಲ್ಕ ಯುಪಿಐ ಮೂಲಕವಾದರೆ ಎಸಿ ಅಲ್ಲದ ದರ್ಜೆಗೆ 10, ಎಸಿಗೆ 20, ಬೇರೆ ವಿಧಾನದಲ್ಲಿ 15 ಮತ್ತು 30, ಮೇಲೆ ಜಿಎಸ್‌ಟಿ.

ಗಮನಿಸಬೇಕಾದದ್ದು ಆ ಶುಲ್ಕ ತಲೆಗಲ್ಲ, ಟಿಕೆಟ್ಟಿಗೆ. ಒಂದು ಟಿಕೆಟ್ಟಿನಲ್ಲಿ ಆರು ಪ್ರಯಾಣಿಕರವರೆಗೆ ಇರಬಹುದು. ಐವರ ಅದೇ ಕುಟುಂಬ ಸ್ಲೀಪರ್‌ನಲ್ಲಿ ದೂರದ ಊರಿಗೆ ಹೊರಟರೆ ಯುಪಿಐ ಶುಲ್ಕ ತೆರಿಗೆ ಸೇರಿ 11.80 ರೂಪಾಯಿ. ಮೇಲಿನ ಉದಾಹರಣೆಯಂತೆ ಮೂರು ಗಂಟೆಯ ಸಿನಿಮಾಕ್ಕೆ ಅದರ ಹತ್ತು ಪಟ್ಟು. ಸರ್ವರ್‌ಗೆ ಒಂದು ಕುರ್ಚಿ ಕಾದಿರಿಸುವುದಕ್ಕೂ ಐದು ಕಾದಿರಿಸುವುದಕ್ಕೂ ಐದು ಪಟ್ಟು ದುಡಿಮೆ ಏನಿಲ್ಲ. ಕೌಂಟರಿನಲ್ಲಿ ಕೊಂಡರೆ ಆ ಶುಲ್ಕ ಇಲ್ಲವೇ ಇಲ್ಲ; ಆ ಕೌಂಟರ್ ಇನ್ನೂ ತೆರೆದೂ ಇದೆ.

ಆಗಬೇಕಾದದ್ದು

ಶುಲ್ಕವನ್ನು ಪೂರ್ತಿ ನಿಷೇಧಿಸಬೇಕೆಂಬ ವಾದ ನ್ಯಾಯಾಲಯದಲ್ಲಿ ನಿಲ್ಲದು, ನಿಂತರೂ ಅದು ಟಿಕೆಟ್ ಬೆಲೆಯೊಳಗೆ ನುಸುಳಿಕೊಳ್ಳುತ್ತದೆ. ಎಲ್ಲವನ್ನೂ ಮಾರುಕಟ್ಟೆಗೆ ಬಿಡಬೇಕೆಂಬ ವಾದ ಸಣ್ಣ ಊರಿಗೆ ಹೊಂದುವುದಿಲ್ಲ. ಒಂದೇ ಚಿತ್ರಮಂದಿರ, ಒಂದೇ ಆ್ಯಪ್ ಇರುವ ಕಡೆ ಆಯ್ಕೆ ಎಂಬುದೇ ಇರುವುದಿಲ್ಲ. ನಡುವಿನ ದಾರಿ ಕಷ್ಟದ್ದೇನಲ್ಲ. ಪ್ರತಿ ಆಟದ ಕುರ್ಚಿಗಳಲ್ಲಿ ಒಂದು ಪಾಲನ್ನು, ಮೊದಲ ದಿನವೂ, ಶುಲ್ಕವಿಲ್ಲದೆ ಕೌಂಟರಿನಲ್ಲೇ ಮಾರಬೇಕು. ಆನ್‌ಲೈನ್ ಶುಲ್ಕ ಕುರ್ಚಿಯ ಲೆಕ್ಕದಲ್ಲಿರದೆ ವ್ಯವಹಾರದ ಲೆಕ್ಕದಲ್ಲಿರಬೇಕು, ಅದಕ್ಕೊಂದು ಮೇಲ್ಮಿತಿ ಇರಬೇಕು. ಕುರ್ಚಿ ಆರಿಸುವ ಮೊದಲೇ ಒಟ್ಟು ಮೊತ್ತ ಕಾಣಬೇಕು. ಕೊಂಡವರು ಹೋಗಲಾಗದಿದ್ದರೆ ಅದೇ ಬೆಲೆಗೆ ಹಿಂದಿರುಗಿಸುವ ದಾರಿ ಇರಬೇಕು. ಹೆಚ್ಚಿಗೆ ಮಾರಿದರೆ ರೈಲ್ವೆಯಲ್ಲಿರುವಂತೆ ಅಪರಾಧವಾಗಬೇಕು.

ಇವಕ್ಕೆ ಹೊಸ ಪ್ರಾಧಿಕಾರ ಕಟ್ಟಬೇಕಿಲ್ಲ. 1964ರ ಕಾಯ್ದೆಯ ಅಡಿ ಲೈಸೆನ್ಸ್ ಕೊಡುವ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟರಿಗಿದೆ. ಕೆಜಿಎಫ್, ಬಂಗಾರಪೇಟೆಗಳ ಮಟ್ಟಿಗೆ ಅದು ಕೋಲಾರದಲ್ಲಿದೆ. ಅಗ್ನಿಸುರಕ್ಷೆ, ಬಾಗಿಲುಗಳ ಸಂಖ್ಯೆ, ಶೌಚಾಲಯ ಎಂದು ಹತ್ತಾರು ಷರತ್ತು ಹಾಕುವ ಲೈಸೆನ್ಸಿನಲ್ಲಿ ಕೌಂಟರ್ ತೆರೆದಿರಬೇಕು ಎಂಬ ಷರತ್ತಿಗೂ ಜಾಗವಿದೆ. ಶುಲ್ಕದ ಮಿತಿಗೆ ಮಾತ್ರ ವಿಧಾನಮಂಡಲ ಕಾಯ್ದೆಯನ್ನೇ ತಿದ್ದಬೇಕು; ಬಜೆಟ್ ಭಾಷಣ, ಸರ್ಕಾರಿ ಆದೇಶಗಳಿಂದ ಇದು ಆಗುವುದಿಲ್ಲವೆಂದು 2017ರಿಂದ 2025ರವರೆಗಿನ ಅನುಭವ ಹೇಳುತ್ತದೆ. 200 ರೂಪಾಯಿಯ ವ್ಯಾಜ್ಯ ನ್ಯಾಯಾಲಯದಲ್ಲಿ ಯಾವ ಕಡೆಗೇ ತೀರಲಿ, ರಾಬರ್ಟ್‌ಸನ್‌ಪೇಟೆಯ ಪ್ರೇಕ್ಷಕನ ಮಟ್ಟಿಗೆ ಪ್ರಶ್ನೆ ಇಷ್ಟೇ: ಭಾನುವಾರ ಅವನು ಚಿತ್ರಮಂದಿರಕ್ಕೆ ಬಂದಾಗ ಅಚ್ಚಾದ ಬೆಲೆ ಕೊಟ್ಟು ಟಿಕೆಟ್ ಕೊಳ್ಳುವ ಹಕ್ಕು ಅವನಿಗೆ ಉಳಿದಿದೆಯೇ, ಇಲ್ಲವೇ?